ಒಂದು ತುಂಡು ತಿಮಿಂಗಿಲಕ್ಕೆ ಹನ್ನೆರಡು ಬಾಳೆಹಣ್ಣು: ಲಾಮಲೇರಾ ಹಳ್ಳಿಯ ಕಥೆ ಮತ್ತು ಅದರ ಹಿಂದಿನ ಲೆಕ್ಕ

ನಮ್ಮ ಪೇಪರ್‌ಗಳಲ್ಲಿ ಆಗಾಗ ಒಂದು ಸುದ್ದಿ ಬರುತ್ತೆ, ಕೋಟಿಗಟ್ಟಲೆ ಬೆಲೆಬಾಳೋ ತಿಮಿಂಗಿಲದ ವಾಂತಿ ಮಾರೋಕೆ ಬಂದೋರು ಸಿಕ್ಕಿಬಿದ್ರು ಅಂತ. ವಾಂತಿ ಅಂತ ಕರೀತಾರೆ ಅಷ್ಟೇ, ಅಂಬರ್‌ಗ್ರೀಸ್ ಅನ್ನೋ ಆ ಮೇಣದಂಥ ವಸ್ತು ಹುಟ್ಟೋದು ಸ್ಪರ್ಮ್ ವೇಲ್ ಜಾತಿಯ ತಿಮಿಂಗಿಲದ ಕರುಳಲ್ಲಿ, ಮತ್ತೆ ಅದನ್ನ ಇಟ್ಕೊಳ್ಳೋದು ಮಾರೋದು ಎರಡೂ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನಮ್ಮಲ್ಲಿ ಬಹಳ ಜನಕ್ಕೆ ಈ ಪ್ರಾಣಿ ಬಗ್ಗೆ ಗೊತ್ತಿರೋದು ಇಷ್ಟೇ. ಆದ್ರೆ ಇದೇ ಪ್ರಾಣಿಯನ್ನ ಇವತ್ತಿಗೂ ಮರದ ದೋಣಿ, ಬಿದಿರಿನ ಕೋಲು ಹಿಡ್ಕೊಂಡು ಬೇಟೆ ಆಡೋ ಒಂದು ಹಳ್ಳಿ ಇಂಡೋನೇಷ್ಯಾದಲ್ಲಿದೆ, ಹೆಸರು ಲಾಮಲೇರಾ. ಅದರ ಬಗ್ಗೆ ಇಂಟರ್‌ನೆಟ್ಟಲ್ಲಿ ಹುಡುಕಿದ್ರೆ ಎರಡೇ ಥರ ಮಾತು ಸಿಗುತ್ತೆ. ಒಂದು ಕಡೆ, ಅಯ್ಯೋ ರಕ್ತದ ಸಮುದ್ರ, ನಿಲ್ಲಿಸಿ ಇದನ್ನ. ಇನ್ನೊಂದು ಕಡೆ, ಆಹಾ ಎಂಥಾ ಪುರಾತನ ಸಂಸ್ಕೃತಿ, ಎಂಥಾ ಧೈರ್ಯ. ಎರಡನ್ನೂ ಓದಿ ಓದಿ ನನಗೆ ಅನ್ನಿಸಿದ್ದು, ಆ ಊರಿನ ಬೇಟೆ ಇಷ್ಟು ವರ್ಷ ಯಾಕೆ ಒಂದು ಮಿತಿಯಲ್ಲೇ ಉಳೀತು ಅಂತ ಇವರಿಬ್ಬರಲ್ಲಿ ಯಾರೂ ಕೇಳ್ತಾ ಇಲ್ಲ. ಆ ಪ್ರಶ್ನೆ ಹಿಡ್ಕೊಂಡು ಹೋದ್ರೆ ಸಿಗೋ ಉತ್ತರ ಕಾನೂನಿನ ಪುಸ್ತಕದಲ್ಲಿಲ್ಲ, ಶನಿವಾರದ ಒಂದು ಸಂತೆಯಲ್ಲಿದೆ.

ಮೊದಲು ಊರು ಎಲ್ಲಿದೆ ಅಂತ ನೋಡೋಣ. ಬಾಲಿ ಎಲ್ಲರಿಗೂ ಗೊತ್ತು. ಅಲ್ಲಿಂದ ಪೂರ್ವಕ್ಕೆ ದ್ವೀಪ ದ್ವೀಪ ದಾಟ್ಕೊಂಡು ಹೋದ್ರೆ ಫ್ಲೋರೆಸ್, ಅದನ್ನೂ ದಾಟಿದ್ರೆ ಸೊಲೋರ್, ಅದೊನಾರಾ, ಆಮೇಲೆ ಲೆಂಬಾಟಾ. ಹಳೇ ನಕ್ಷೆಗಳಲ್ಲಿ ಇದನ್ನ ಲೊಂಬ್ಲೆನ್ ಅಂತ ಬರೆದಿರ್ತಾರೆ. ಆಡಳಿತದ ಪ್ರಕಾರ ಇದು ಪೂರ್ವ ನುಸಾ ತೆಂಗಾರಾ ಪ್ರಾಂತ್ಯ, ಇಂಡೋನೇಷ್ಯಾದ ಬಡ ಪ್ರಾಂತ್ಯಗಳ ಪಟ್ಟಿಯಲ್ಲಿ ಯಾವಾಗಲೂ ಮೇಲ್ಗಡೆ ಇರೋ ಹೆಸರು. ಲೆಂಬಾಟಾ ಸ್ವಂತ ಜಿಲ್ಲೆ ಆಗಿದ್ದೇ 1999ರಲ್ಲಿ, ಜಿಲ್ಲಾ ಕೇಂದ್ರ ಲೆವೊಲೆಬಾ ಉತ್ತರದ ಕಡೆ ಇದೆ, ಲಾಮಲೇರಾ ದಕ್ಷಿಣದ ದಡದಲ್ಲಿ. ದೂರ ಅಂದ್ರೆ ಐವತ್ತು ಕಿಲೋಮೀಟರ್ ಆಸುಪಾಸು, ಆದ್ರೆ ಸೀಟು ಹಾಕಿದ ಲಾರಿಯಲ್ಲಿ ಕೂತ್ಕೊಂಡು ಆ ಬೆಟ್ಟದ ರಸ್ತೆಯಲ್ಲಿ ಹೋಗೋಕೆ ಮೂರ್ನಾಲ್ಕು ಗಂಟೆ ಬೇಕು, ಮಳೆ ಬಂದ್ರೆ ಅದೂ ಗ್ಯಾರಂಟಿ ಇಲ್ಲ.

ಊರು ಲಾಬಾಲೆಕಾಂಗ್ ಅನ್ನೋ ಜ್ವಾಲಾಮುಖಿ ಬೆಟ್ಟದ ಬುಡಕ್ಕೆ ಅಂಟ್ಕೊಂಡಿದೆ. ಮೇಲಿನ ಊರು, ಕೆಳಗಿನ ಊರು ಅಂತ ಎರಡು ಭಾಗ, ಎಲ್ಲಾ ಸೇರಿ ಎರಡು ಸಾವಿರದ ಒಳಗೆ ಹೊರಗೆ ಜನ. ಕೆಳಗೆ ಒಂದು ಚಿಕ್ಕ ಕಪ್ಪು ಮರಳಿನ ದಡ, ಅದರ ಉದ್ದಕ್ಕೂ ದೋಣಿ ಇಡೋ ಗುಡಿಸಲುಗಳು, ಅದರ ಹಿಂದೆ ಬಿದಿರಿನ ಗಳುಗಳು, ಗಳುಗಳ ಮೇಲೆ ನಾವು ಹಪ್ಪಳ ಸಂಡಿಗೆ ಒಣಗಿಸೋ ಹಾಗೆ ಮಾಂಸದ ಪಟ್ಟಿಗಳನ್ನ ನೇತು ಹಾಕಿರ್ತಾರೆ, ಕೊಬ್ಬಿನ ಪಟ್ಟಿಗಳಿಂದ ತೊಟ್ಟಿಕ್ಕೋ ಎಣ್ಣೆ ಒಂದು ಹನಿನೂ ಹಾಳಾಗಬಾರದು ಅಂತ ಕೆಳಗೆ ಪಾತ್ರೆ ಇಟ್ಟಿರ್ತಾರೆ. ದೀಪಕ್ಕೂ ಅದೇ ಎಣ್ಣೆ, ಅಡುಗೆಗೂ ಅದೇ. ಇಲ್ಲಿ ಮುಖ್ಯವಾದ ವಿಷ್ಯ ಏನಂದ್ರೆ ಈ ಊರಿಗೆ ಜಮೀನು ಅನ್ನೋದು ಹೆಚ್ಚುಕಡಿಮೆ ಇಲ್ಲ. ಸುತ್ತ ಕಲ್ಲು, ಇಳಿಜಾರು, ಸಾಲದ್ದಕ್ಕೆ ಆ ನೆಲದ ಮೂಲ ಒಡೆಯರು ಬೇರೆ ಕುಲದವರು. ಲಾಮಲೇರಾದವರು ತಮ್ಮನ್ನ ವಲಸೆ ಬಂದವರು ಅಂತಲೇ ಹೇಳ್ಕೊಳ್ತಾರೆ. ಅವರ ಕಥೆ ಪ್ರಕಾರ ಹಿರಿಯರು ಸುಲಾವೆಸಿಯ ಲುವುಕ್ ಕಡೆಯಿಂದ ಹೊರಟು, ಸೆರಾಮ್ ಮೇಲಾಗಿ ಬಂದು, ಲೆಪಾನ್ ಬಾತಾನ್ ಅನ್ನೋ ದ್ವೀಪದಲ್ಲಿ ನೆಲೆ ನಿಂತಿದ್ರು, ಆ ದ್ವೀಪವನ್ನ ಸಮುದ್ರ ನುಂಗಿದ ಮೇಲೆ ಇಲ್ಲಿಗೆ ಬಂದ್ರು. ಸಮುದ್ರ ನುಂಗಿದ್ದು ಅನ್ನೋದನ್ನ ಬರೀ ಪುರಾಣ ಅಂತ ತಳ್ಳಿಹಾಕೋಕೂ ಆಗಲ್ಲ, ಯಾಕಂದ್ರೆ ಇದೇ ಲೆಂಬಾಟಾದ ದಕ್ಷಿಣ ದಡದಲ್ಲಿ ವೈತೆಬಾ ಹತ್ರ 1979ರ ಜುಲೈನಲ್ಲಿ ಗುಡ್ಡ ಕುಸಿದು ಸಮುದ್ರಕ್ಕೆ ಬಿದ್ದು ಎದ್ದ ಅಲೆಗೆ 500ಕ್ಕೂ ಹೆಚ್ಚು ಜನ ಸತ್ರು. 2020ರ ನವೆಂಬರ್‌ನಲ್ಲಿ ಉತ್ತರದ ಲೆವೊತೊಲೊಕ್ ಜ್ವಾಲಾಮುಖಿ ಸಿಡೀತು, 2021ರ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತ ಬಂದು ಅದೇ ಬೆಟ್ಟದ ಕಲ್ಲುಮಣ್ಣನ್ನ ಹಳ್ಳಿಗಳ ಮೇಲೆ ತಂದು ಸುರೀತು.

ಹಾಗಾಗಿ ಹೊಟ್ಟೆ ಅನ್ನೋದು ಸಮುದ್ರದ ಕಡೆನೇ ಮುಖ ಮಾಡಿದೆ. ಮತ್ತೆ ಆ ಸಮುದ್ರ ದಡದಿಂದ ಸ್ವಲ್ಪ ದೂರಕ್ಕೇ ತುಂಬಾ ಆಳ ಆಗಿಬಿಡುತ್ತೆ, ಆಳದಲ್ಲಿ ಬೇಟೆ ಆಡೋ ಸ್ಪರ್ಮ್ ವೇಲ್‌ಗಳು ಅದಕ್ಕೇ ಇಷ್ಟು ಹತ್ರ ಹಾದುಹೋಗ್ತವೆ. 1624ರ ಒಂದು ಪೋರ್ಚುಗೀಸ್ ದಾಖಲೆಯಲ್ಲೇ ಈ ಭಾಗದ ದ್ವೀಪದವರು ಎಣ್ಣೆಗೋಸ್ಕರ ಈಟಿ ಎಸೆದು ತಿಮಿಂಗಿಲ ಹೊಡೀತಾರೆ ಅಂತ ಬರೆದಿದ್ದಾರೆ. ಅಂದ್ರೆ ಇದು ಟೂರಿಸ್ಟ್‌ಗಳಿಗೋಸ್ಕರ ಮೊನ್ನೆ ಮೊನ್ನೆ ಹುಟ್ಟಿದ ವೇಷ ಅಲ್ಲ, ಕಮ್ಮಿ ಅಂದ್ರೂ ನಾಲ್ಕು ನೂರು ವರ್ಷದ ಹಿಂದಿನ ಬದುಕು.

ಬೇಟೆ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹತ್ರದಿಂದ ನೋಡ್ಬೇಕು, ಯಾಕಂದ್ರೆ ಎಷ್ಟು ತಿಮಿಂಗಿಲ ಸಾಯುತ್ತೆ ಅನ್ನೋದು ಈ ವಿಧಾನದಲ್ಲೇ ಅಡಗಿದೆ. ದೋಣಿಗೆ ಅವರ ಭಾಷೆಯಲ್ಲಿ ತೆನಾ ಅಂತಾರೆ, ಹೊರಗಿನವರು ಪೆಲೆದಾಂಗ್ ಅಂತಾರೆ. ಹತ್ತು ಹನ್ನೊಂದು ಮೀಟರ್ ಉದ್ದ, ಹಲಗೆಗಳನ್ನ ಕೂಡಿಸೋಕೆ ಕಬ್ಬಿಣದ ಮೊಳೆ ಹೊಡೆಯಲ್ಲ, ಮರದ ಗೂಟ ಮತ್ತೆ ಹಗ್ಗದ ಕಟ್ಟು ಅಷ್ಟೇ. ಹಾಯಿ ತಾಳೆ ಜಾತಿಯ ಎಲೆಯಿಂದ ಹೆಣೆದ ಚಾಪೆ. ಮೂತಿಯಲ್ಲಿ ಬಿದಿರು ಕಟ್ಟಿದ ಅಟ್ಟಣೆ ಮುಂದಕ್ಕೆ ಚಾಚ್ಕೊಂಡಿರುತ್ತೆ, ಅದರ ತುದಿಯಲ್ಲಿ ನಿಲ್ಲೋನು ಲಾಮಾಫಾ, ಅಂದ್ರೆ ಈಟಿಗಾರ. ತಿಮಿಂಗಿಲ ಕಂಡ್ರೆ ದಡದಿಂದಲೇ ಬಲೆಯೋ, ಬಲೆಯೋ ಅಂತ ಕೂಗು ಏಳುತ್ತೆ, ಆ ಕೂಗು ಮನೆಯಿಂದ ಮನೆಗೆ ಹತ್ತಿ ಬೆಟ್ಟದ ಮೇಲಿನ ಊರು ತನಕ ಹೋಗುತ್ತೆ, ಮಾಡ್ತಿದ್ದ ಕೆಲಸ ಬಿಟ್ಟು ಗಂಡಸರು ಓಡ್ತಾರೆ. ಲಾಮಾಫಾ ಈಟಿ ಎಸೆಯಲ್ಲ, ಅದರ ಜೊತೆಗೆ ತಾನೇ ಹಾರ್ತಾನೆ. ಬಿದಿರಿನ ಕೋಲಿನ ತುದಿಗೆ ಸಿಕ್ಕಿಸಿದ ಕಬ್ಬಿಣದ ಕೊಕ್ಕೆ ದಪ್ಪ ಕೊಬ್ಬನ್ನ ಸೀಳಿ ಒಳಗೆ ಹೋಗ್ಬೇಕು ಅಂದ್ರೆ ತೋಳಿನ ಬಲ ಸಾಲಲ್ಲ, ಇಡೀ ಮೈಭಾರ ಬೇಕು, ಹಾಗಾಗಿ ಅವನು ಅಟ್ಟಣೆಯಿಂದ ಜಿಗಿದು ತಿಮಿಂಗಿಲದ ಬೆನ್ನ ಮೇಲೇ ಬೀಳ್ತಾನೆ, ಕೊಕ್ಕೆ ಕಚ್ಚಿದ ತಕ್ಷಣ ಕೋಲು ಕಳಚಿ ತೇಲುತ್ತೆ, ಅವನು ಈಜಿ ವಾಪಸ್ ದೋಣಿ ಹತ್ಬೇಕು, ಅಷ್ಟರಲ್ಲಿ ಕೊಕ್ಕೆಗೆ ಕಟ್ಟಿದ ಹಗ್ಗ ದೋಣಿಯಿಂದ ಹೊಗೆ ಬರೋ ಥರ ಓಡ್ತಿರುತ್ತೆ, ಒಬ್ಬ ಅದಕ್ಕೆ ನೀರು ಹಾಕ್ತಾನೇ ಇರ್ಬೇಕು, ಯಾರ ಕಾಲಾದ್ರೂ ಅದರ ಸುರುಳಿಗೆ ಸಿಕ್ಕಿದ್ರೆ ಕಾಲು ಹೋಯ್ತು, ಇಲ್ಲಾ ಮನುಷ್ಯನೇ ಹೋದ.

ಗಂಡು ಸ್ಪರ್ಮ್ ವೇಲ್ 16 ಮೀಟರ್ ತನಕ ಬೆಳೆಯುತ್ತೆ, ತೂಕ 40 ಟನ್ ದಾಟುತ್ತೆ. ದೋಣಿಯಲ್ಲಿರೋದು ಹತ್ತು ಹದಿನಾಲ್ಕು ಜನ. 1994ರ ಮಾರ್ಚ್‌ನಲ್ಲಿ ಹೀಗೆ ಈಟಿ ತಿಂದ ತಿಮಿಂಗಿಲ ದೋಣಿಗಳನ್ನ ತಿಮೋರ್ ದಿಕ್ಕಿಗೆ ಎಳ್ಕೊಂಡು ಹೋಗಿತ್ತು, ಊರು ಕಣ್ಣಿಗೆ ಕಾಣದ ಹಾಗೆ ದಿನಗಟ್ಟಲೆ ಸಮುದ್ರದಲ್ಲಿ ಕಳೆದವರನ್ನ ಕೊನೆಗೆ ಒಂದು ಪ್ರವಾಸಿ ಹಡಗು ಎತ್ಕೊಂಡು ಬಂತು, ದೋಣಿಗಳು ಹೋದ್ವು. ವಾಪಸ್ ಬರದೇ ಹೋದವರೂ ಇದ್ದಾರೆ, ಅವರಿಗೋಸ್ಕರ ಪ್ರತಿ ವರ್ಷ ಬೇಟೆ ಹಂಗಾಮು ಶುರುವಾಗೋ ಮುಂಚೆ ದಡದಲ್ಲಿ ಪ್ರಾರ್ಥನೆ ಮಾಡಿ ರಾತ್ರಿ ಮೇಣದಬತ್ತಿಗಳನ್ನ ಚಿಕ್ಕ ಚಿಕ್ಕ ತೆಪ್ಪದಲ್ಲಿಟ್ಟು ಸಮುದ್ರಕ್ಕೆ ತೇಲಿಬಿಡ್ತಾರೆ. ಊರು ಕ್ಯಾಥೊಲಿಕ್ ಊರು, ಮೊದಲ ದೀಕ್ಷಾಸ್ನಾನ ಆಗಿದ್ದು 1886ರಲ್ಲಿ. ಮೇ 1ಕ್ಕೆ ದಡದ ಚಿಕ್ಕ ಚಾಪೆಲ್ ಹತ್ರ ಪಾದ್ರಿ ಪೂಜೆ ಮಾಡಿ ದೋಣಿಗಳಿಗೆ ತೀರ್ಥ ಹಾಕ್ತಾರೆ, ಅದಕ್ಕೂ ಮುಂಚೆ ನೆಲದ ಮೂಲ ಒಡೆಯರಾದ ವುಜೋನ್ ಕುಲದವರು ಬೆಟ್ಟ ಹತ್ತಿ ತಿಮಿಂಗಿಲದ ಆಕಾರದ ಕಲ್ಲಿನ ಹತ್ರ ನಿಂತು ತಿಮಿಂಗಿಲಗಳನ್ನ ಕರೀತಾರೆ. ಎರಡೂ ನಡೆಯುತ್ತೆ, ಅವರಿಗೆ ಅದರಲ್ಲಿ ಜಗಳ ಕಾಣಲ್ಲ. ಊರಲ್ಲಿ ಅಣ್ಣತಮ್ಮಂದಿರ ಜಗಳ ಇತ್ಯರ್ಥ ಆಗದೇ ದೋಣಿ ಇಳಿಸಿದ್ರೆ ಅಪಾಯ ಅಂತ ನಂಬಿಕೆ ಬೇರೆ ಇದೆ. ಮತ್ತೆ ಇನ್ನೊಂದು ಕಟ್ಟು, ಹಲ್ಲಿಲ್ಲದ ದೊಡ್ಡ ತಿಮಿಂಗಿಲಗಳನ್ನ, ಅಂದ್ರೆ ನೀಲಿ ತಿಮಿಂಗಿಲದ ಜಾತಿಯವನ್ನ, ಲಾಮಲೇರಾದವರು ಮುಟ್ಟಲ್ಲ, ಅವು ಹಿರಿಯರಿಗೆ ದಾರಿ ತೋರಿಸಿ ಕಾಪಾಡಿದ್ವು ಅಂತ ಕಥೆ. ಅವರು ಹೊಡೆಯೋದು ಮುಖ್ಯವಾಗಿ ಕೋತೆಕ್ಲೆಮಾ, ಅದೇ ಸ್ಪರ್ಮ್ ವೇಲ್, ಜೊತೆಗೆ ಡಾಲ್ಫಿನ್, ರೆಕ್ಕೆಯಂಥ ಅಗಲ ಮೈಯ ಮಾಂಟಾ ತೊರಕೆ ಮೀನು ಇಂಥವು.

ಈಗ ಮಾಂಸ ಏನಾಗುತ್ತೆ ಅನ್ನೋ ವಿಷ್ಯಕ್ಕೆ ಬರ್ತೀನಿ, ನನ್ನ ಪ್ರಕಾರ ಇಡೀ ಕಥೆಯ ಹೃದಯ ಇದೇ.

ಒಂದು ತಿಮಿಂಗಿಲ ದಡಕ್ಕೆ ಬಂದ್ರೆ ಅದು ಹೊಡೆದವನದ್ದಲ್ಲ. ಅದರ ಮೈ ಮೇಲೆ ಗೆರೆ ಎಳೆದ ಹಾಗೆ ಯಾವ ಭಾಗ ಯಾರಿಗೆ ಅಂತ ಮೊದಲೇ ನಿರ್ಧಾರ ಆಗಿರುತ್ತೆ. ದೋಣಿಯಲ್ಲಿದ್ದ ಪ್ರತಿಯೊಬ್ಬರಿಗೂ ಪಾಲು, ದೋಣಿ ಯಾವ ಮನೆತನದ್ದೋ ಆ ಮನೆತನದ ಪಾಲುದಾರರಿಗೆ ಪಾಲು, ದೋಣಿ ಕಟ್ಟಿದ ಬಡಗಿಗೆ ಪಾಲು, ಕೊಕ್ಕೆ ಮಾಡಿದ ಕಮ್ಮಾರನಿಗೆ ಪಾಲು, ಹಾಯಿ ಹೆಣೆದವರಿಗೆ ಪಾಲು, ಬೆಟ್ಟದ ಮೇಲೆ ನಿಂತು ಕರೆದ ಮೂಲ ಒಡೆಯರ ಕುಲಕ್ಕೆ ಪಾಲು. ಪಾಲು ಸಿಕ್ಕ ಮನೆಯಿಂದ ಮತ್ತೆ ನೆಂಟರಿಗೆ, ಅಕ್ಕಪಕ್ಕದವರಿಗೆ ಹೋಗುತ್ತೆ, ಗಂಡ ಸತ್ತ ಹೆಂಗಸರು, ತಂದೆ ಇಲ್ಲದ ಮಕ್ಕಳು ಇರೋ ಮನೆಗೆ ತಪ್ಪದೇ ಹೋಗ್ಬೇಕು. ಇದನ್ನ ಔದಾರ್ಯ ಅಂತ ಹೇಳೋಕೆ ಹೋದ್ರೆ ಅರ್ಧ ಮಾತ್ರ ಹೇಳಿದ ಹಾಗೆ, ಇದು ಅವರ ಇನ್ಶೂರೆನ್ಸ್. ಇವತ್ತು ನಮ್ಮ ದೋಣಿಗೆ ಸಿಕ್ಕಿದೆ, ಮುಂದಿನ ತಿಂಗಳು ಇನ್ನೊಬ್ಬರ ದೋಣಿಗೆ ಸಿಗುತ್ತೆ, ಕೆಲವು ವರ್ಷ ಇಡೀ ಹಂಗಾಮಿಗೆ ಬೆರಳೆಣಿಕೆಯಷ್ಟೇ ಸಿಗುತ್ತೆ, ಹಂಚಿ ತಿನ್ನದಿದ್ರೆ ಯಾರೂ ಉಳಿಯಲ್ಲ.

ಇದಕ್ಕೆ ಒಂದು ವಿಚಿತ್ರ ಪುರಾವೆ ಇದೆ. 1990ರ ದಶಕದ ಕೊನೆಗೆ ಮಾನವಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಸೇರಿ ಪ್ರಪಂಚದ 15 ಸಣ್ಣ ಸಮುದಾಯಗಳಲ್ಲಿ ಒಂದೇ ಥರದ ಆಟ ಆಡಿಸಿದ್ರು. ಇಬ್ಬರು ಆಟಗಾರರು, ಮೊದಲನೆಯವನ ಕೈಗೆ ಒಂದು ಮೊತ್ತ ಕೊಡ್ತಾರೆ, ಅದರಲ್ಲಿ ಎರಡನೆಯವನಿಗೆ ಎಷ್ಟು ಕೊಡ್ತೀಯ ಅಂತ ಅವನೇ ಹೇಳ್ಬೇಕು, ಎರಡನೆಯವನು ಒಪ್ಪಿದ್ರೆ ಇಬ್ಬರಿಗೂ ಸಿಗುತ್ತೆ, ಒಪ್ಪದಿದ್ರೆ ಇಬ್ಬರಿಗೂ ಇಲ್ಲ. ಪೆರುವಿನ ಕಾಡಿನ ಮಾಚಿಗ್ವೆಂಗಾ ಜನ ಸರಾಸರಿ ಕಾಲು ಭಾಗ ಕೊಡ್ತೀನಿ ಅಂದ್ರು. ಲಾಮಲೇರಾದಲ್ಲಿ ಮೈಕಲ್ ಆಲ್ವಾರ್ಡ್ ಅನ್ನೋ ಮಾನವಶಾಸ್ತ್ರಜ್ಞ ದುಡ್ಡಿನ ಬದಲು ಸಿಗರೇಟ್ ಪ್ಯಾಕ್ ಇಟ್ಟು ಆಡಿಸಿದ್ರು, ಅಲ್ಲಿಯವರು ಅರ್ಧಕ್ಕಿಂತ ಜಾಸ್ತಿ, ಸರಾಸರಿ 57-58 ಶೇಕಡಾ ಎದುರಿನವನಿಗೇ ಕೊಟ್ರು. ಹದಿನೈದು ಸಮುದಾಯಗಳಲ್ಲಿ ಇದೇ ಅತೀ ಹೆಚ್ಚು. ಆಲ್ವಾರ್ಡ್ ಕಂಡುಕೊಂಡ ಕಾರಣ ಸರಳ, ತಿಮಿಂಗಿಲವನ್ನ ಒಬ್ಬನೇ ಹಿಡಿಯೋಕೆ ಆಗಲ್ಲ, ಹತ್ತು ಹನ್ನೆರಡು ಜನ ದಿನಾ ಬೆಳಿಗ್ಗೆ ಎದ್ದು ದೋಣಿಗೆ ಬರ್ಬೇಕು ಅಂದ್ರೆ ಹಂಚಿಕೆ ಮೇಲೆ ಒಬ್ಬರಿಗೂ ಅನುಮಾನ ಇರಬಾರದು.

ಮನೆಗೆ ಬಂದ ಪಾಲನ್ನ ಒಣಗಿಸೋದು, ಅದನ್ನ ಕಾಳುಕಡ್ಡಿ ಮಾಡೋದು ಹೆಂಗಸರ ಕೆಲಸ. ಅವರು ತಲೆ ಮೇಲೆ ಬುಟ್ಟಿ ಹೊತ್ತು ಬೆಟ್ಟದ ಹಳ್ಳಿಗಳಿಗೆ ನಡ್ಕೊಂಡೇ ಹೋಗಿ ಬದಲಾಯಿಸ್ಕೊಂಡು ಬರ್ತಾರೆ. ಇನ್ನು ಶನಿವಾರ ಶನಿವಾರ ಪಕ್ಕದ ವುಲಂದೋನಿಯಲ್ಲಿ ಸಂತೆ. ಒಂದು ಕಡೆ ಸಮುದ್ರದವರು ಒಣ ಮೀನು, ತಿಮಿಂಗಿಲ ಮಾಂಸ, ಉಪ್ಪು, ಸುಣ್ಣ ಹರಡ್ಕೊಂಡು ಕೂರ್ತಾರೆ. ಇನ್ನೊಂದು ಕಡೆ ಬೆಟ್ಟದವರು ಮೆಕ್ಕೆಜೋಳ, ಬಾಳೆಹಣ್ಣು, ಗೆಣಸು, ಎಲೆ ಅಡಿಕೆ. ಹೌದು, ಅಲ್ಲೂ ಎಲೆ ಅಡಿಕೆ ಸುಣ್ಣ ಇದೆ. ಎಲ್ಲರೂ ಬಂದು ಕೂತಿದ್ರೂ ಯಾರೂ ಶುರು ಮಾಡಲ್ಲ, ಸಂತೆಯ ಮೇಲ್ವಿಚಾರಕ ಮೊದಲು ಸುಂಕ ಎತ್ಕೊಂಡು ಆಮೇಲೆ ಸೀಟಿ ಊದ್ಬೇಕು, ಸೀಟಿ ಕೇಳಿದ ಮೇಲೇ ಗಲಗಲ ಅಂತ ವಿನಿಮಯ ಶುರು. ಅಳತೆಗೆ ಮುಂಗಾ ಅಂತ ಒಂದು ಲೆಕ್ಕ ಇದೆ, ಒಂದು ಮುಂಗಾ ಅಂದ್ರೆ ಆರು. ಒಂದು ತುಂಡು ಒಣ ಮಾಂಸಕ್ಕೆ ಎರಡು ಮುಂಗಾ, ಅಂದ್ರೆ ಹನ್ನೆರಡು ಬಾಳೆಹಣ್ಣು, ಇಲ್ಲಾ ಹನ್ನೆರಡು ಜೋಳದ ತೆನೆ, ಇದು ಅಲ್ಲಿ ಸಾಮಾನ್ಯ ದರ. ಜಕಾರ್ತಾದಲ್ಲಿ ರುಪಿಯಾ ಕುಸೀತು, ಡಾಲರ್ ಏರ್ತು, ಹನ್ನೆರಡು ಬಾಳೆಹಣ್ಣಿಗೆ ಅದರ ಬಿಸಿ ತಟ್ಟಲ್ಲ.

ಈ ಹನ್ನೆರಡು ಬಾಳೆಹಣ್ಣು ಮಾಡೋ ಕೆಲಸ ನೋಡಿ. ಒಂದು ಮನೆ ಎಷ್ಟು ಬಾಳೆಹಣ್ಣು ತಿನ್ನೋಕೆ ಆಗುತ್ತೆ? ಬೆಟ್ಟದವರಿಗೆ ಎಷ್ಟು ಮಾಂಸ ಬೇಕು? ಒಂದು ಮಿತಿ ದಾಟಿದ ಮೇಲೆ ಇನ್ನೊಂದು ತಿಮಿಂಗಿಲ ಹೊಡೆದ್ರೆ ಅದರಿಂದ ಏನೂ ಲಾಭ ಇಲ್ಲ, ಕೂಡಿಡೋಕೆ ಆಗಲ್ಲ, ಬ್ಯಾಂಕಿಗೆ ಹಾಕೋಕೆ ಆಗಲ್ಲ. ದುಡ್ಡಿಗಾದ್ರೆ ಆ ಥರ ಮೇಲ್ಮಿತಿ ಇಲ್ಲ, ಎಷ್ಟು ಬಂದ್ರೂ ಇನ್ನಷ್ಟು ಬೇಕು. ಲಾಮಲೇರಾದ ಬೇಟೆ ವರ್ಷಕ್ಕೆ ಸರಾಸರಿ ಇಪ್ಪತ್ತರ ಆಸುಪಾಸಿಗೆ ನಿಂತಿರೋದಕ್ಕೆ ಹಳೇ ದೋಣಿ, ಬಿದಿರಿನ ಕೋಲು ಎಷ್ಟು ಕಾರಣವೋ ಈ ದುಡ್ಡಿಲ್ಲದ ಸಂತೆನೂ ಅಷ್ಟೇ ಕಾರಣ ಅಂತ ನಾನು ನಂಬ್ತೀನಿ.

ದುಡ್ಡು ಬಂದ್ರೆ ಏನಾಗುತ್ತೆ ಅಂತ ನೋಡೋಕೆ ದೂರ ಹೋಗ್ಬೇಕಿಲ್ಲ. ಸೊಲೋರ್ ದ್ವೀಪದಲ್ಲಿ ಲಾಮಕೇರಾ ಅಂತ ಊರಿದೆ, ಹೆಸರೂ ಹತ್ರ, ಭಾಷೆಯೂ ಹತ್ರ, ಅವರು ಮುಸ್ಲಿಮರು, ಅವರೂ ತಲೆತಲಾಂತರದಿಂದ ಸಮುದ್ರದ ದೊಡ್ಡ ಪ್ರಾಣಿಗಳ ಬೇಟೆಗಾರರು. ಮಾಂಟಾ ತೊರಕೆಯ ಕಿವಿರುಗಳಿಗೆ ಚೀನಾದ ಔಷಧಿ ಮಾರುಕಟ್ಟೆಯಲ್ಲಿ ಬೇಡಿಕೆ ಬಂದಾಗ ವ್ಯಾಪಾರಿಗಳು ಆ ಊರಿಗೆ ಬಂದ್ರು, ಎಂಜಿನ್ ದೋಣಿಗಳು ಬಂದ್ವು, ಊಟಕ್ಕೆ ಅಂತ ಹಿಡೀತಿದ್ದ ಪ್ರಾಣಿ ಎಕ್ಸ್‌ಪೋರ್ಟ್ ಸರಕಾಯ್ತು, ಕೆಲವೇ ವರ್ಷದಲ್ಲಿ ಮಾಂಟಾ ಕಮ್ಮಿ ಆಗ್ತಾ ಹೋಯ್ತು. ಅವರೇನು ಲಾಮಲೇರಾದವರಿಗಿಂತ ಕೆಟ್ಟವರಾ? ಖಂಡಿತಾ ಅಲ್ಲ. ಅವರ ಊರಿಗೆ ಮೊದಲು ಕೊಳ್ಳೋನು ಬಂದ, ಅಷ್ಟೇ ವ್ಯತ್ಯಾಸ.

ಪ್ರಪಂಚದ ಲೆಕ್ಕಕ್ಕೆ ಬಂದ್ರೆ ಇನ್ನೂ ಬೇಜಾರಾಗುತ್ತೆ. 20ನೇ ಶತಮಾನದಲ್ಲಿ ಕೈಗಾರಿಕಾ ಹಡಗುಗಳು ಕೊಂದ ಸ್ಪರ್ಮ್ ವೇಲ್‌ಗಳ ಸಂಖ್ಯೆ ಏಳೂವರೆ ಲಕ್ಷದ ಮೇಲೆ. 1960ರ ದಶಕದಲ್ಲಿ ಒಂದೊಂದು ವರ್ಷಕ್ಕೇ 20 ಸಾವಿರಕ್ಕಿಂತ ಹೆಚ್ಚು. ಸೋವಿಯತ್ ರಷ್ಯಾ, ಜಪಾನ್ ಇಂಥ ದೇಶಗಳ ಹಡಗುಗಳು, ಬಹುಪಾಲು ಎಣ್ಣೆಗೆ, ಯಂತ್ರದ ಲೂಬ್ರಿಕೆಂಟ್‌ಗೆ. ಲಾಮಲೇರಾ ವರ್ಷಕ್ಕೆ ಇಪ್ಪತ್ತರ ಹಾಗೆ ನೂರು ವರ್ಷ ಹೊಡೆದ್ರೂ ಎರಡು ಸಾವಿರ. ಹಡಗುಗಳೆಲ್ಲಾ ಸಮುದ್ರ ಬರಿದು ಮಾಡಿದ ಮೇಲೆ 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆ ನಿಲ್ಲಿಸೋ ತೀರ್ಮಾನ ಮಾಡ್ತು, 1986ರಿಂದ ಜಾರಿ. ಅದರಲ್ಲೂ ಅಲಾಸ್ಕಾ, ಗ್ರೀನ್‌ಲ್ಯಾಂಡ್, ರಷ್ಯಾದ ಚುಕೋಟ್ಕಾ, ಕೆರಿಬಿಯನ್‌ನ ಬೆಕ್ವಿಯಾ ದ್ವೀಪದವರಿಗೆ ಹೊಟ್ಟೆಪಾಡಿನ ಬೇಟೆ ಅಂತ ಕೋಟಾ ಕೊಟ್ಟು ಅವಕಾಶ ಇದೆ. ಇಂಡೋನೇಷ್ಯಾ ಆ ಆಯೋಗದ ಸದಸ್ಯ ದೇಶವೇ ಅಲ್ಲ, ಹಾಗಾಗಿ ಲಾಮಲೇರಾಗೆ ಆ ನಿಷೇಧವೂ ನೇರವಾಗಿ ತಾಗಲ್ಲ, ಆ ವಿನಾಯಿತಿಯ ಕಾಗದವೂ ಕೈಯಲ್ಲಿಲ್ಲ.

ಒಳಗಡೆ ದೇಶದ ಕಾನೂನಲ್ಲಿ ಪರಿಸ್ಥಿತಿ ಇನ್ನೂ ತೊಡಕು. 1990ರ ಸಂರಕ್ಷಣಾ ಕಾಯ್ದೆ, ಅದರ ಕೆಳಗಿನ ಪ್ರಾಣಿಗಳ ಪಟ್ಟಿ, ಎರಡನ್ನೂ ಸೇರಿಸಿ ಓದಿದ್ರೆ ತಿಮಿಂಗಿಲ ಡಾಲ್ಫಿನ್ ಎಲ್ಲಾ ಸಂರಕ್ಷಿತ ಪ್ರಾಣಿಗಳು. ಲಾಮಲೇರಾಗೆ ಅಂತ ಸ್ಪಷ್ಟವಾದ ವಿನಾಯಿತಿ ಬರೆದಿಲ್ಲ, ಇಷ್ಟು ವರ್ಷ ಅಧಿಕಾರಿಗಳು ಸಂಪ್ರದಾಯ ಅಂತ ಸುಮ್ಮನಿದ್ದಾರೆ. ಈ ಸುಮ್ಮನಿರುವಿಕೆ ಹಕ್ಕಲ್ಲ, ಯಾವತ್ತು ಬೇಕಾದ್ರೂ ಮುಗಿಯಬಹುದು. 2009ರಲ್ಲಿ ಮನಾದೋದಲ್ಲಿ ವಿಶ್ವ ಸಾಗರ ಸಮ್ಮೇಳನ ನಡೆದಾಗ ಸರ್ಕಾರ ಸಾವು ಸಮುದ್ರದಲ್ಲಿ ದೊಡ್ಡ ರಾಷ್ಟ್ರೀಯ ಉದ್ಯಾನ ಘೋಷಿಸ್ತು. ಹೆಸರು ನೋಡಿ ಬೇರೆ ಅರ್ಥ ಮಾಡ್ಕೋಬೇಡಿ, ಸಾವು ಅನ್ನೋದು ಅಲ್ಲಿನ ಒಂದು ದ್ವೀಪದ ಹೆಸರು. ಮೊದಲ ನಕ್ಷೆಯಲ್ಲಿ ಲೆಂಬಾಟಾ ಕಡೆಯ ನೀರೂ ಇತ್ತು. ಲಾಮಲೇರಾದವರು ಒಂದೇ ದನಿಯಲ್ಲಿ ಬೇಡ ಅಂದ್ರು, ಗಲಾಟೆ ಆಯ್ತು, ಕೊನೆಗೆ ಸೊಲೋರ್-ಲೆಂಬಾಟಾ-ಆಲೋರ್ ಭಾಗ ಬಿಟ್ಟು ಉಳಿದದ್ದನ್ನ, ಮೂವತ್ತು ಲಕ್ಷ ಹೆಕ್ಟೇರಿಗಿಂತ ಜಾಸ್ತಿ ಜಾಗವನ್ನ, 2014ರಲ್ಲಿ ಅಧಿಕೃತ ಮಾಡಿದ್ರು. ಅದೇ 2014ರಲ್ಲಿ ಮಾಂಟಾ ತೊರಕೆಗೆ ದೇಶಾದ್ಯಂತ ಪೂರ್ತಿ ನಿಷೇಧ ಬಂತು. ಲಾಮಕೇರಾದಂಥ ಎಕ್ಸ್‌ಪೋರ್ಟ್ ವ್ಯಾಪಾರ ನಿಲ್ಲಿಸೋಕೆ ಅದು ಬೇಕಿತ್ತು, ನಾನು ಅದನ್ನ ವಿರೋಧಿಸಲ್ಲ. ಆದ್ರೆ ಕಾನೂನಿಗೆ ಚೀನಾಕ್ಕೆ ಹೋಗೋ ಕಿವಿರಿಗೂ ವುಲಂದೋನಿ ಸಂತೆಗೆ ಹೋಗೋ ತುಂಡಿಗೂ ವ್ಯತ್ಯಾಸ ಕಾಣಲಿಲ್ಲ. 2016ರ ಕೊನೆಗೆ ಮಾಂಟಾ ಮಾರಿದ ಅಂತ ಲಾಮಲೇರಾದ ಒಬ್ಬರನ್ನ ಬಂಧಿಸಿದಾಗ ಊರಿನವರು ಲೆವೊಲೆಬಾಗೆ ಬಂದು ಪ್ರತಿಭಟನೆ ಮಾಡಿದ್ರು. ಅವರ ದೃಷ್ಟಿಯಲ್ಲಿ ಅಪ್ಪ ತಾತ ಮಾಡಿದ್ದನ್ನೇ ಮಾಡಿದವನು ಒಂದು ಬೆಳಿಗ್ಗೆ ಏಕಾಏಕಿ ಕಳ್ಳ ಆಗಿಬಿಟ್ಟ.

ಇಂಡೋನೇಷ್ಯಾದಲ್ಲಿ ಮೂಲ ಸಮುದಾಯಗಳ ಹಕ್ಕನ್ನ ಸಂವಿಧಾನವೇ ಗುರುತಿಸುತ್ತೆ. ಸಾಂಪ್ರದಾಯಿಕ ಕಾಡು ಸರ್ಕಾರದ ಕಾಡಲ್ಲ ಅಂತ 2013ರಲ್ಲಿ ಅಲ್ಲಿನ ಸಂವಿಧಾನ ಕೋರ್ಟು ತೀರ್ಪು ಕೊಡ್ತು. ಅದಕ್ಕೂ ಮುಂಚೆ, 2011ರಲ್ಲಿ, ಕರಾವಳಿ ನೀರನ್ನ ಕಂಪನಿಗಳಿಗೆ ಹಕ್ಕು ಬರೆದುಕೊಡೋ ನಿಯಮವನ್ನೂ ಅದೇ ಕೋರ್ಟು ರದ್ದು ಮಾಡಿತ್ತು. ಆದ್ರೆ ಮೂಲ ಸಮುದಾಯಗಳಿಗೆ ಅಂತ ಪ್ರತ್ಯೇಕ ಕಾಯ್ದೆಯ ಕರಡು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಸತ್ತಿನಲ್ಲಿ ಎಳೆದಾಡ್ತಿದೆ. ಕಾಡಿನ ಜನರಿಗೆ ಗಡಿ ಕಲ್ಲಾದ್ರೂ ತೋರಿಸೋಕೆ ಆಗುತ್ತೆ, ಸಮುದ್ರದ ಜನ ಎಲ್ಲಿ ಕಲ್ಲು ನೆಡ್ಬೇಕು? ತಿಮಿಂಗಿಲ ಒಂದು ಕಡೆ ನಿಲ್ಲಲ್ಲ, ಹಾಗಾಗಿ ಅವರ ಹಕ್ಕೂ ಕಾಗದದ ಮೇಲೆ ನಿಲ್ಲಲ್ಲ.

ಹೊರಗಿನವರು ಸಹಾಯ ಮಾಡೋಕೆ ಬಂದಿದ್ದು ಇದೇ ಮೊದಲೇನಲ್ಲ. 1973ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಊರಿನ ಬೇಟೆಯನ್ನ ಆಧುನಿಕ ಮಾಡೋಣ ಅಂತ ನಾರ್ವೆಯಿಂದ ಒಬ್ಬ ನುರಿತ ತಿಮಿಂಗಿಲ ಬೇಟೆಗಾರನನ್ನ ಕಳಿಸಿತ್ತು. ಮೂರು ವರ್ಷ ನಡೆದು ಆ ಯೋಜನೆ ಫಲ ಕೊಡದೇ ನಿಂತುಹೋಯ್ತು, ಈ ಜನ ತಮ್ಮ ಪರಿಸರಕ್ಕೆ, ತಮ್ಮ ಸಂಸ್ಕೃತಿಗೆ ಹೊಂದೋ ವಿಧಾನವನ್ನ ತಾವೇ ರೂಪಿಸ್ಕೊಂಡಿದ್ದಾರೆ ಅಂತ ಅವರ ವರದಿಯೇ ಹೇಳ್ತು. ಮೊದಲು ಬಂದವರು ಜಾಸ್ತಿ ಹೊಡೀರಿ ಅಂತ ಹೇಳಿಕೊಟ್ರು, ಎಷ್ಟೋ ವರ್ಷ ಕಳೆದ ಮೇಲೆ ಬಂದವರು ಹೊಡೀಲೇಬೇಡಿ ಅಂತ ಹೇಳೋಕೆ ಶುರು ಮಾಡಿದ್ರು. ಎರಡು ಸಲವೂ ತೀರ್ಮಾನ ಊರ ಹೊರಗಡೆನೇ ಆಗಿತ್ತು.

ಹಾಗಂತ ಲಾಮಲೇರಾದಲ್ಲಿ ಎಲ್ಲಾ ಸರಿ ಇದೆ, ಯಾರೂ ಏನೂ ಕೇಳಬಾರದು ಅಂತ ನಾನು ಹೇಳ್ತಿಲ್ಲ. ಸ್ಪರ್ಮ್ ವೇಲ್‌ಗಳ ಸಂಸಾರ ಹೆಣ್ಣುಗಳ ಸಂಸಾರ, ಅಜ್ಜಿ, ತಾಯಿ, ಚಿಕ್ಕಮ್ಮ, ಮರಿ ಒಟ್ಟಿಗೆ ಇರ್ತವೆ, ತಾಯಿ ಆಳಕ್ಕೆ ಹೋದಾಗ ಮರಿಯನ್ನ ಉಳಿದವು ನೋಡ್ಕೊಳ್ತವೆ, ಒಂದು ಹೆಣ್ಣು ನಾಲ್ಕಾರು ವರ್ಷಕ್ಕೊಂದು ಮರಿ ಹಾಕುತ್ತೆ. ಪ್ರಪಂಚದ ಒಟ್ಟು ಲೆಕ್ಕದಲ್ಲಿ ಇಪ್ಪತ್ತು ಏನೂ ಅಲ್ಲದಿರಬಹುದು, ಆದ್ರೆ ಅದೇ ನೀರಲ್ಲಿ ವರ್ಷ ವರ್ಷ ಹಾದುಹೋಗೋ ಗುಂಪುಗಳು ಕೆಲವೇ ಆಗಿದ್ರೆ ಆ ಗುಂಪಿಗೆ ಇಪ್ಪತ್ತು ಬಹಳ ದೊಡ್ಡದು. ಈಟಿ ತಿಂದ ಪ್ರಾಣಿ ತಕ್ಷಣ ಸಾಯಲ್ಲ, ಗಂಟೆಗಟ್ಟಲೆ ಒದ್ದಾಡುತ್ತೆ, ಆ ವಿಡಿಯೋಗಳನ್ನ ನೋಡಿ ನನಗೆ ಊಟ ಸೇರಿಲ್ಲ. ಇದನ್ನ ಸಂಸ್ಕೃತಿ ಅನ್ನೋ ಬಟ್ಟೆ ಹೊದಿಸಿ ಮುಚ್ಚೋಕೆ ನನ್ನ ಕೈಲಾಗಲ್ಲ. ಆದ್ರೆ ಆ ನೋವಿಗೆ ಬೆಲೆ ಕಟ್ಟೋವಾಗ ಕೋಳಿ ಫಾರಂ, ಟ್ರಾಲರ್ ಬಲೆಯಲ್ಲಿ ಸತ್ತು ವಾಪಸ್ ಸಮುದ್ರಕ್ಕೆ ಎಸೆಯೋ ಮೀನು, ಹಡಗಿಗೆ ಡಿಕ್ಕಿ ಹೊಡೆದು ಸಾಯೋ ತಿಮಿಂಗಿಲ, ಇವೆಲ್ಲಾ ನಮ್ಮ ಪಾಲಿನ ಲೆಕ್ಕಕ್ಕೆ ಬರ್ಬೇಕಲ್ವಾ?

ಮತ್ತೆ ಊರೂ ಬದಲಾಗ್ತಿದೆ, ನಾಲ್ಕು ನೂರು ವರ್ಷದ ಹಿಂದೆ ಇದ್ದ ಹಾಗೇ ನಿಂತಿಲ್ಲ. 2000ದ ಈಚೆಗೆ ಎಂಜಿನ್ ದೋಣಿಗಳು ಬಂದ್ವು, ಅವರು ಅದಕ್ಕೆ ಜೋನ್ಸನ್ ಅಂತಾರೆ, ಜಾನ್ಸನ್ ಕಂಪನಿಯ ಎಂಜಿನ್ ಹೆಸರೇ ದೋಣಿ ಹೆಸರಾಗಿ ಉಳೀತು. ಈಗ ತೆನಾವನ್ನ ಜೋನ್ಸನ್ ಕಟ್ಕೊಂಡು ಎಳ್ಕೊಂಡು ಹೋಗುತ್ತೆ, ತಿಮಿಂಗಿಲ ಹತ್ರ ಬಂದ ಮೇಲೆ ಹಗ್ಗ ಬಿಟ್ಟು ಹುಟ್ಟು ಹಾಕ್ತಾರೆ. ಊರಲ್ಲಿ ಇದರ ಬಗ್ಗೆ ಜೋರು ವಾದ ನಡೆದಿದೆ, ಹಿರಿಯರು ಕೆಲವರು ಪೂರ್ವಜರ ಮಾತು ಮುರೀತಾ ಇದ್ದೀರ ಅಂದ್ರು, ಕಿರಿಯರು ಹುಟ್ಟು ಹಾಕಿ ಹಾಕಿ ನಮ್ಮ ತೋಳು ಬಿದ್ದುಹೋಗುತ್ತೆ ಅಂದ್ರು. ಎಂಜಿನ್‌ಗೆ ಪೆಟ್ರೋಲ್ ಬೇಕು, ಪೆಟ್ರೋಲ್ ಬಂಕಿನವನು ಹನ್ನೆರಡು ಬಾಳೆಹಣ್ಣು ತಗೊಳ್ಳಲ್ಲ. ಸ್ಕೂಲ್ ಫೀಸು, ಫೋನ್ ರೀಚಾರ್ಜ್, ಆಸ್ಪತ್ರೆ, ಯಾವುದೂ ತಗೊಳ್ಳಲ್ಲ. ನಿಜವಾದ ಅಪಾಯ ಬಾಗಿಲು ತಟ್ತಾ ಇರೋದು ಇಲ್ಲಿ. ದುಡ್ಡಿನ ಅಗತ್ಯ ಹೆಚ್ಚಿದ ಹಾಗೆ ಸಮುದ್ರದಿಂದ ದುಡ್ಡು ಎತ್ತೋ ದಾರಿ ಹುಡುಕ್ತಾರೆ. ಆಗ ಆ ಊರಿಗೂ ಒಬ್ಬ ಕೊಳ್ಳೋನು ಬಂದ್ರೆ ಏನು ಕತೆ?

ಅಚ್ಚರಿ ಅಂದ್ರೆ ಈ ಮೂಲೆಯ ಊರು ಓದಿನಲ್ಲಿ ಹಿಂದೆ ಬಿದ್ದಿಲ್ಲ. ಮಿಷನ್ ಶಾಲೆಗಳಿಂದಾಗಿ ಇಲ್ಲಿಂದ ಬಹಳ ಜನ ಮೇಷ್ಟ್ರುಗಳು, ಪಾದ್ರಿಗಳು ಆಗಿ ಹೊರಗೆ ಹೋಗಿದ್ದಾರೆ. ಇಂಡೋನೇಷ್ಯನ್ ಭಾಷೆಯ ವ್ಯಾಕರಣದ ಬಗ್ಗೆ ಬರೆದು ಹೆಸರಾದ ಭಾಷಾಶಾಸ್ತ್ರಜ್ಞ ಗೋರಿಸ್ ಕೆರಾಫ್ ಹುಟ್ಟಿದ್ದು ಲಾಮಲೇರಾದಲ್ಲಿ, ಅವರ ಡಾಕ್ಟರೇಟ್ ಕೂಡ ತಮ್ಮೂರಿನ ಭಾಷೆ ಮೇಲೇ. ಅದೇ ಊರಿನ ಸೋನಿ ಕೆರಾಫ್ 1999ರಿಂದ 2001ರ ತನಕ ಇಂಡೋನೇಷ್ಯಾದ ಪರಿಸರ ಮಂತ್ರಿ ಆಗಿದ್ರು. ತಿಮಿಂಗಿಲ ಬೇಟೆಯ ಊರಿಂದ ದೇಶಕ್ಕೆ ಪರಿಸರ ಮಂತ್ರಿ! ಇವರಿಗೆ 'ಪರಿಸರದ ಅರಿವು ಮೂಡಿಸ್ಬೇಕು' ಅಂತ ಬ್ಯಾನರ್ ಕಟ್ಕೊಂಡು ಹೋಗೋರು ಇದೊಂದನ್ನ ನೆನಪಿಟ್ಕೊಂಡ್ರೆ ಸಾಕು.

ಮಾಡ್ಬೇಕಾದ್ದು ಏನು ಅಂದ್ರೆ, ನನ್ನ ಅಭಿಪ್ರಾಯ ಹೇಳ್ತೀನಿ. ಮಾಂಸ ದ್ವೀಪದಿಂದ ಹೊರಗೆ ದುಡ್ಡಿಗೆ ಹೋಗಬಾರದು, ಆ ಗೆರೆಯನ್ನ ಕಾನೂನೂ ಊರೂ ಸೇರಿ ಗಟ್ಟಿಯಾಗಿ ಹಾಕ್ಬೇಕು. ಸಂತೆಯೊಳಗಿನ ವಿನಿಮಯವನ್ನ ಅಪರಾಧ ಅನ್ನಬಾರದು. ಯಾವ ವರ್ಷ ಎಷ್ಟು ಹೊಡೆದ್ರು, ಹೆಣ್ಣೆಷ್ಟು ಗಂಡೆಷ್ಟು, ಜೊತೆಗೆ ಮರಿ ಇತ್ತಾ ಅನ್ನೋ ಲೆಕ್ಕ ಇಡೋ ಕೆಲಸವನ್ನ ಸಂಬಳ ಕೊಟ್ಟು ಅದೇ ಊರಿನ ಹುಡುಗ ಹುಡುಗಿಯರಿಗೆ ಕೊಡ್ಲಿ, ದಡದಲ್ಲಿ ತಿಮಿಂಗಿಲ ಕೊಯ್ಯೋವಾಗ ಪಕ್ಕದಲ್ಲೇ ನಿಂತು ಅಳತೆ ತಗೊಳ್ಳೋಕೆ ಅವರಿಗಿಂತ ಸುಲಭ ಯಾರಿಗೂ ಆಗಲ್ಲ. ಆ ಲೆಕ್ಕ ನೋಡಿ ಈ ವರ್ಷ ಕಮ್ಮಿ ಮಾಡೋಣ ಅಂತ ತೀರ್ಮಾನ ಬರ್ಬೇಕಾದ್ರೆ ಅದು ಮೇ 1ರ ಮುಂಚೆ ಕುಲದ ಹಿರಿಯರೆಲ್ಲಾ ಕೂತು ಜಗಳ ಇತ್ಯರ್ಥ ಮಾಡೋ ಸಭೆಯಲ್ಲೇ ಬರ್ಲಿ. ಆ ಸಭೆಗೆ ದೋಣಿ ತಡೆಯೋ ಅಧಿಕಾರ ಈಗಾಗಲೇ ಇದೆ. ಅಣ್ಣತಮ್ಮ ಮಾತಾಡ್ತಿಲ್ಲ ಅಂದ್ರೆ ದೋಣಿ ಇಳಿಯಲ್ಲ ಅನ್ನೋ ಊರಲ್ಲಿ, ಮರಿ ಜೊತೆಗಿರೋ ತಾಯಿ ಕಂಡ್ರೆ ದೋಣಿ ತಿರುಗಿಸ್ಬೇಕು ಅನ್ನೋ ಕಟ್ಟು ಹುಟ್ಟೋದು ಅಸಾಧ್ಯ ಅಂತ ನನಗೆ ಅನ್ನಿಸಲ್ಲ, ನೀಲಿ ತಿಮಿಂಗಿಲ ಮುಟ್ಟಬಾರದು ಅನ್ನೋ ಕಟ್ಟು ಅಲ್ಲಿ ಯಾವತ್ತಿಂದಲೋ ಇದೆ.

ಸದ್ಯಕ್ಕೆ ಆ ದಡದಲ್ಲಿ ಹದಿನಾರು ಹದಿನೇಳರ ಹುಡುಗರಿಗೆ ಎರಡು ದಾರಿ ಇದೆ. ಒಂದು, ಅಟ್ಟಣೆ ತುದಿಗೆ ಬಂದು ನಿಲ್ಲೋ ತನಕ ವರ್ಷಗಟ್ಟಲೆ ದೋಣಿಯ ಹಿಂದಿನ ಸಾಲಲ್ಲಿ ನೀರು ಮೊಗೆದು ಹಾಕ್ತಾ ಕಲಿಯೋದು. ಇನ್ನೊಂದು, ಬೆಳಿಗ್ಗೆ ಲೆವೊಲೆಬಾಗೆ ಹೋಗೋ ಲಾರಿ ಹತ್ತೋದು, ಅಲ್ಲಿಂದ ಹಡಗು, ಆಮೇಲೆ ಪ್ರಾಂತ್ಯದ ರಾಜಧಾನಿ ಕುಪಾಂಗ್ ಅಥವಾ ಮಲೇಷ್ಯಾ. ಲಾರಿ ಹೊರಡೋ ಹೊತ್ತಿಗೆ ಬಲೆಯೋ ಅಂತ ಕೂಗು ಎದ್ರೆ ಎಷ್ಟು ಜನ ಇಳೀತಾರೆ, ಎಷ್ಟು ಜನ ಕೂತೇ ಇರ್ತಾರೆ ಅನ್ನೋದನ್ನ ಯಾವ ಸಚಿವಾಲಯದ ಆದೇಶವೂ ಇನ್ನೂ ಕೇಳಿಲ್ಲ.